ಸುರಂಗದಲ್ಲಿ ಬಿದ್ದ ಎರಡು ಓವರ್‌ಸ್ಪೀಡ್

ಮೈಸೂರಿನ ಒಂದು ಸಣ್ಣ ಟ್ರಾವೆಲ್ಸ್‌ನ ಟಿಟಿ (ಟೆಂಪೋ ಟ್ರಾವೆಲರ್) ಮಂಡ್ಯದ ಕುಟುಂಬವೊಂದನ್ನು ಹತ್ತಿಸಿಕೊಂಡು ಗುರುವಾಯೂರಿಗೆ ಹೋಗಿ ಬಂತು. ಮಗುವಿನ ಅನ್ನಪ್ರಾಶನ. ಕೊಯಮತ್ತೂರಿನಲ್ಲಿ ಇನ್ನಿಬ್ಬರು ನೆಂಟರು ಹತ್ತಬೇಕಿತ್ತು. ಹಾಗಾಗಿ ಗುಂಡ್ಲುಪೇಟೆ, ನಿಲಂಬೂರು ದಾರಿ ಬಿಟ್ಟು ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ, ಕೊಯಮತ್ತೂರು, ಪಾಲಕ್ಕಾಡ್ ಮೇಲೆ ಹೋದರು. ಪೂಜೆ ಚೆನ್ನಾಗಿ ಆಯಿತು, ಗಾಡಿಗೆ ಒಂದು ಗೀರೂ ಬೀಳಲಿಲ್ಲ, ಪಾರ್ಟಿಯವರು ಖುಷಿಯಿಂದ ದುಡ್ಡು ಕೊಟ್ಟರು.

ತಿಂಗಳ ಕೊನೆಗೆ ಡ್ರೈವರ್‌ನ ಇನ್ಸೆಂಟಿವ್ ಕಟ್ ಆಯಿತು. ಗಾಡಿ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಬರೆದಿಡುವ ಟ್ರ್ಯಾಕರ್‌ನ ರಿಪೋರ್ಟಿನಲ್ಲಿ ಆ ಟ್ರಿಪ್ಪಿನ ಮುಂದೆ ಕೆಂಪು ಗುರುತು. ಓವರ್‌ಸ್ಪೀಡ್ ಎರಡು, ನಿಲ್ಲಬಾರದ ಕಡೆ ನಿಲುಗಡೆ ಎರಡು. ಟ್ರಾವೆಲ್ಸ್‌ನ ನಿಯಮದಂತೆ ಇಷ್ಟಾದರೆ ಆ ತಿಂಗಳ ಇನ್ಸೆಂಟಿವ್ ಇಲ್ಲ.

ನಾನು ಗಾಡಿಗಳಿಗೆ ಟ್ರ್ಯಾಕರ್, ಕ್ಯಾಮೆರಾ, ಸೆನ್ಸರ್ ಕೂರಿಸುವ ಕೆಲಸದವನು. ಮಾಲೀಕರೂ ಪರಿಚಯ, ಡ್ರೈವರೂ ಪರಿಚಯ. ಮೊದಲು ಬಂದವನು ಡ್ರೈವರ್. ‘ಅಣ್ಣ, ಹಿಂದೆ ಕೂಸು ಮಲಗಿತ್ತು. ನಾನು ಅರವತ್ತರ ಮೇಲೆ ಹೋಗಿದ್ದೇ ಕಮ್ಮಿ. ಗವರ್ನರ್ ಬೇರೆ ಇದೆ, ಎಂಬತ್ತು ದಾಟೋದೇ ಇಲ್ಲ’ ಅಂದ. ಅವನು ಹೇಳಿದ್ದರಲ್ಲಿ ತೂಕವಿತ್ತು. ಟಿಟಿಯಂಥ ಬಾಡಿಗೆ ಗಾಡಿಗಳಿಗೆ 80 ಕಿ.ಮೀ. ದಾಟದಂತೆ ತಡೆಯುವ ಸ್ಪೀಡ್ ಗವರ್ನರ್ ಇರಲೇಬೇಕು, ಈ ಗಾಡಿಯಲ್ಲೂ ಇತ್ತು. ಆದರೆ ಮಾಲೀಕರು ಇಪ್ಪತ್ತು ವರ್ಷದಿಂದ ಈ ದಂಧೆಯಲ್ಲಿದ್ದಾರೆ. ಗವರ್ನರ್ ವೈರ್ ಕಿತ್ತು ಓಡಿಸುವವರನ್ನು ನೋಡಿದ್ದಾರೆ. ‘ಡ್ರೈವರ್ ಹೇಳೋದು ನಂಬಲಾ, ಮಿಷಿನ್ ಹೇಳೋದು ನಂಬಲಾ, ನೀವೇ ಹೇಳಿ’ ಅಂತ ಫೋನಿನಲ್ಲಿ ಕೇಳಿದರು.

ಯಾರನ್ನಾದರೂ ನಂಬುವ ಮುಂಚೆ ಜಾಗ ನೋಡಬೇಕಿತ್ತು. ಸಾರಾಂಶದ ಹಾಳೆಯಲ್ಲಿ ಬರೀ ಎಣಿಕೆ ಇತ್ತು. ವಿವರ ತೆರೆದು ಮ್ಯಾಪ್ ಮೇಲೆ ಇಟ್ಟಾಗ ನಾಲ್ಕೂ ಗುರುತು ಒಂದೇ ಕಡೆ ಬಿದ್ದವು: ಕುತಿರಾನ್ ಸುರಂಗ. ಹೋಗುವಾಗ ಒಂದು ಜೊತೆ, ಬರುವಾಗ ಒಂದು ಜೊತೆ. ನಿಲುಗಡೆ ಎರಡೂ ಸುರಂಗದ ಒಳಗೆ ಹೋಗುವ ಬಾಯಿಯಲ್ಲಿ. ಓವರ್‌ಸ್ಪೀಡ್ ಎರಡೂ ಹೊರಗೆ ಬರುವ ಬಾಯಿಯಲ್ಲಿ. ದಿಂಬಂನ 27 ಹೇರ್‌ಪಿನ್ ತಿರುವುಗಳಲ್ಲಿ ಒಂದೂ ಗುರುತಿಲ್ಲ. ಕೊಯಮತ್ತೂರಿನಿಂದ ಆಚೆಗಿನ ಅಗಲವಾದ ಹೆದ್ದಾರಿಯಲ್ಲೂ ಇಲ್ಲ. ವೇಗವಾಗಿ ಓಡಿಸುವ ಚಟ ಇರುವ ಡ್ರೈವರ್ ಹೋಗುವಾಗ, ಬರುವಾಗ ಎರಡು ಸಲವೂ ಸುರಂಗದ ಬಾಯಿಯಲ್ಲೇ ಆ ಚಟ ತೀರಿಸಿಕೊಳ್ಳುತ್ತಾನಾ?

ಕುತಿರಾನ್ ಪಾಲಕ್ಕಾಡ್ ಮತ್ತು ತ್ರಿಶೂರ್ ನಡುವೆ, ರಾಷ್ಟ್ರೀಯ ಹೆದ್ದಾರಿ 544ರ ಮೇಲಿದೆ. ಗುಡ್ಡ ಕೊರೆದು ಮಾಡಿದ ಜೋಡಿ ಸುರಂಗ. ಹೋಗುವವರಿಗೆ ಒಂದು, ಬರುವವರಿಗೆ ಒಂದು, ತಲಾ ಮೂರು ಲೇನ್. ಉದ್ದ ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮೊದಲನೆಯದು 2021ರ ಜುಲೈ 31ರಂದು ಸಂಚಾರಕ್ಕೆ ತೆರೆಯಿತು, ಎರಡನೆಯದು 2022ರ ಜನವರಿಯಲ್ಲಿ. ಅದಕ್ಕೆ ಮುಂಚೆ ಇದೇ ಗುಡ್ಡದ ಏರಿನಲ್ಲಿ ಗಂಟೆಗಟ್ಟಲೆ ಜಾಮ್ ಆಗುತ್ತಿದ್ದುದನ್ನು ಆ ಕಡೆ ಓಡಾಡಿದ ಡ್ರೈವರ್‌ಗಳು ಈಗಲೂ ಹೇಳುತ್ತಾರೆ. ಮೈಸೂರು, ಮಂಡ್ಯ ಕಡೆ ನಮಗೆ ರಸ್ತೆ ಸುರಂಗದ ಅಭ್ಯಾಸ ಇಲ್ಲ. ಮಂಡ್ಯ ಜಿಲ್ಲೆಯ ಹೆಸರಾದ ಸುರಂಗ ಹುಲಿಕೆರೆಯದು. ಅದರೊಳಗೆ ಹೋಗುವುದು ವಿಶ್ವೇಶ್ವರಯ್ಯ ನಾಲೆಯ ನೀರು. ಟ್ರಾವೆಲ್ಸ್‌ನವರಿಗೆ ಈ ತಕರಾರು ಮೊದಲ ಸಲ ಎದುರಾಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನೂ ಒಂದು ಅನುಕೂಲ ಇತ್ತು. ಅವತ್ತು ಟಿಟಿಯ ಹಿಂದೆಯೇ ಆ ಕುಟುಂಬದ ಹೊಸ ಕಾರೂ ಹೋಗಿತ್ತು. ಅದರಲ್ಲಿ ಕಂಪನಿಯಿಂದಲೇ ಬಂದ ನ್ಯಾವಿಗೇಶನ್ ಇತ್ತು. ಟಿಟಿ ಡ್ರೈವರ್ ತನ್ನ ಫೋನನ್ನು ಹೋಲ್ಡರಿನಲ್ಲಿಟ್ಟು ಮ್ಯಾಪ್ ಹಾಕಿಕೊಂಡಿದ್ದ. ಟಿಟಿಯ ಟ್ರ್ಯಾಕರ್ ಅಂತೂ ಇದ್ದೇ ಇತ್ತು. ಒಂದೇ ಸುರಂಗ, ಹೆಚ್ಚುಕಡಿಮೆ ಒಂದೇ ಹೊತ್ತು, ಮೂರು ಸಾಧನ. ಮೂರೂ ಬೇರೆ ಬೇರೆ ಥರ ನಡೆದುಕೊಂಡಿದ್ದವು. ಕಾರಿನಲ್ಲಿದ್ದವರ ಪ್ರಕಾರ ಅವರ ಸ್ಕ್ರೀನಿನಲ್ಲಿ ಏನೂ ವಿಶೇಷ ಆಗಲಿಲ್ಲ, ಬಾಣ ಸುರಂಗದೊಳಗೂ ಸರಾಗವಾಗಿ ಓಡಿತು. ಡ್ರೈವರ್‌ನ ಫೋನಿನಲ್ಲಿ ಮಾತ್ರ ಗಾಡಿ ಇನ್ನೂ ಒಳಗಿರುವಾಗಲೇ ಬಾಣ ಹೊರಗೆ ಹೋಗಿತ್ತು! ಒಳಗೆ ಒಂದು ಲೋಡ್ ಲಾರಿ ಮುಂದಿತ್ತಂತೆ, ನಲವತ್ತರ ವೇಗದಲ್ಲಿ ಹಿಂದೆ ಹಿಂದೆ ಹೋಗಬೇಕಾಯಿತು. ಹೊರಗೆ ಬಂದ ತಕ್ಷಣ ಫೋನಿನ ಬಾಣ ಗಕ್ಕನೆ ಹಿಂದಕ್ಕೆ ಬಂದು ಸುರಂಗದ ಬಾಯಿಯಲ್ಲಿ ನಿಂತಿತು.

ಒಳಗೆ ಏನು ಸಿಗುವುದಿಲ್ಲ

ಮಾಲೀಕರಿಗೆ ಇದನ್ನು ವಿವರಿಸುವಾಗ ನಾನು ಮೊದಲು ಹೇಳಿದ್ದು ಇಷ್ಟು: ಗಾಡಿಯಲ್ಲಿರುವ ಜಿಪಿಎಸ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂದು ಸಾರುತ್ತಾ ಇರುತ್ತದೆ. ಆ ಸಿಗ್ನಲ್ ಇಲ್ಲಿಗೆ ತಲುಪಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಜಾಗ ಗೊತ್ತಾಗಲು ಮೂರು ಉಪಗ್ರಹ ಸಾಕು ಅನಿಸಬಹುದು, ಆದರೆ ಬೇಕಾಗುವುದು ನಾಲ್ಕು. ನಮ್ಮ ಟ್ರ್ಯಾಕರಿನೊಳಗಿನ ಅಗ್ಗದ ಗಡಿಯಾರ ಎಷ್ಟು ತಪ್ಪಿದೆ ಎಂದು ಕಂಡುಹಿಡಿಯಲು ನಾಲ್ಕನೆಯದು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 300 ಮೀಟರ್ ಆಚೆ ಈಚೆ ಆಗುತ್ತದೆ.

ಈ ಸಿಗ್ನಲ್ ನೆಲ ತಲುಪುವಾಗ ಎಷ್ಟು ಸಣ್ಣದಾಗಿರುತ್ತದೆ ಎಂದರೆ, ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಹೆಚ್ಚುಕಡಿಮೆ ಅದರಲ್ಲಿ ಒಂದು ಪಾಲು. ರಿಸೀವರಿನೊಳಗಿನ ಗದ್ದಲಕ್ಕಿಂತಲೂ ಕೆಳಗೆ ಅದು ಅಡಗಿರುತ್ತದೆ. ಉಪಗ್ರಹದ ಸಂಕೇತ ಹೇಗಿರುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ ಮಾತ್ರ ಗದ್ದಲದೊಳಗಿಂದ ಅದನ್ನು ಹೆಕ್ಕಲು ಆಗುತ್ತದೆ. ತಲೆ ಮೇಲೆ ಒಂದು ಗುಡ್ಡ ಬಂದರೆ ಹೆಕ್ಕಲು ಏನೂ ಉಳಿಯುವುದಿಲ್ಲ.

‘ನಮ್ಮದೇ ನಾವಿಕ್ ಇದೆಯಲ್ಲ ಸಾರ್, ಇಸ್ರೋದು? ಈ ಟ್ರ್ಯಾಕರ್ ಅದನ್ನೂ ಹಿಡಿಯುತ್ತೆ ಅಂತ ಮಾರಿದವರು ಹೇಳಿದ್ರು’ ಎಂದರು ಮಾಲೀಕರು. ನಾವಿಕ್ ಅಂದರೆ ಜಿಪಿಎಸ್ ಥರದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆ. ಮಾರಿದವರು ಹೇಳಿದ್ದು ಸರಿ. ಬಾಡಿಗೆ ಗಾಡಿಗಳ ಟ್ರ್ಯಾಕರಿಗೆ ಇರುವ ಎಐಎಸ್-140 ಎಂಬ ಮಾನದಂಡದಲ್ಲಿ ಅದೂ ಸೇರಿದೆ. ಆದರೆ ನಾವಿಕ್ ಉಪಗ್ರಹಗಳು ಇನ್ನೂ ದೂರ, ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅವುಗಳ ನಿಗಾ ನೋಡುವ ಕೇಂದ್ರ ನಮ್ಮ ಹಾಸನದಲ್ಲೇ ಇದ್ದರೂ ಕುತಿರಾನ್ ಗುಡ್ಡ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಕಾಶದಲ್ಲಿ ಉಪಗ್ರಹ ಜಾಸ್ತಿ ಇದ್ದರೆ ಎತ್ತರದ ಕಟ್ಟಡಗಳ ನಡುವೆ, ಘಾಟಿಯಲ್ಲಿ ಅನುಕೂಲ ಆಗುತ್ತದೆ. ಸುರಂಗದೊಳಗೆ ಎಷ್ಟಿದ್ದರೂ ಒಂದೇ.

ಅವರ ಇನ್ನೊಂದು ಪ್ರಶ್ನೆ ಜಾಣತನದ್ದು. ಸುರಂಗದೊಳಗೆ ಆಂಟೆನಾ ಹಾಕಿ ಮೊಬೈಲ್ ಸಿಗ್ನಲ್ ತರುತ್ತಾರಲ್ಲ, ಗುಡ್ಡದ ಮೇಲೆ ಒಂದು ಆಂಟೆನಾ ಇಟ್ಟು ಜಿಪಿಎಸ್ ಅನ್ನೂ ಹಾಗೇ ಒಳಗೆ ಬಿಡಬಾರದಾ? ಬಿಡಬಹುದು. ಆದರೆ ಸಿಗುವ ಜಾಗ ಗಾಡಿಯದ್ದಲ್ಲ, ಗುಡ್ಡದ ಮೇಲಿನ ಆಂಟೆನಾದ್ದು. ಉಪಗ್ರಹದಿಂದ ಆ ಆಂಟೆನಾವರೆಗಿನ ದೂರ ಒಂದೊಂದು ಉಪಗ್ರಹಕ್ಕೆ ಒಂದೊಂದು. ಅಲ್ಲಿಂದ ಒಳಗಿನ ಗಾಡಿಯವರೆಗೆ ಹಿಡಿಯುವ ಸಮಯ ಮಾತ್ರ ಎಲ್ಲ ಉಪಗ್ರಹಕ್ಕೂ ಒಂದೇ. ಎಲ್ಲಕ್ಕೂ ಒಂದೇ ಸಮನಾಗಿ ಸೇರಿದ ಸಮಯವನ್ನು ರಿಸೀವರ್ ತನ್ನ ಗಡಿಯಾರದ ತಪ್ಪು ಎಂದುಕೊಂಡು ಕಳೆದುಬಿಡುತ್ತದೆ. ಒಳಗಿರುವ ನೂರು ಗಾಡಿಯೂ ಗುಡ್ಡದ ನೆತ್ತಿಯ ಮೇಲೆ ಒಂದೇ ಚುಕ್ಕೆಯಾಗಿ ಕಾಣುತ್ತವೆ.

ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. 2016ರಲ್ಲಿ ದಾರಿ ತೋರಿಸುವ ಆ್ಯಪ್‌ನ ವೇಜ್ ಕಂಪನಿ ಸುರಂಗದ ಗೋಡೆಗೆ ಸಾಲಾಗಿ ಬ್ಲೂಟೂತ್ ಬೀಕನ್‌ಗಳನ್ನು ಹಾಕುವ ವ್ಯವಸ್ಥೆ ತಂದಿತು. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಡಬ್ಬಿಗಳು. ಪ್ರತಿಯೊಂದೂ ತನ್ನ ಗುರುತು ಹೇಳುತ್ತಿರುತ್ತದೆ, ಫೋನ್ ಅದನ್ನು ಕೇಳಿಸಿಕೊಂಡು ಜಾಗ ತಿಳಿಯುತ್ತದೆ. ಈಗ ಆಂಡ್ರಾಯ್ಡ್‌ನ ಗೂಗಲ್ ಮ್ಯಾಪ್ಸ್ ಸೆಟ್ಟಿಂಗ್‌ನಲ್ಲೂ ಸುರಂಗದ ಬೀಕನ್ ಎಂಬ ಆಯ್ಕೆ ಇದೆ. ಗೋಡೆಯಲ್ಲಿ ಬೀಕನ್ ಇದ್ದರೆ ಮಾತ್ರ ಅದರಿಂದ ಉಪಯೋಗ.

ಮೂರು ಸಾಧನ, ಮೂರು ಥರ

ರಾತ್ರಿ ಬಸ್ಸಿನಲ್ಲಿ ಪರದೆ ಎಳೆದುಕೊಂಡು ಕೂತವನು ‘ಬೆಂಗಳೂರು ಬಿಟ್ಟು ಇಷ್ಟು ಹೊತ್ತಾಯ್ತು, ಮದ್ದೂರು ದಾಟಿರಬೇಕು’ ಅಂದುಕೊಳ್ಳುತ್ತಾನಲ್ಲ, ಡ್ರೈವರ್‌ನ ಫೋನ್ ಮಾಡಿದ್ದು ಅದನ್ನೇ. ಒಳಗೆ ಹೋಗುವಾಗ ವೇಗ ಅರವತ್ತರ ಹತ್ತಿರ ಇತ್ತು. ದಾರಿ ಮೊದಲೇ ಗೊತ್ತಿತ್ತು. ಅದೇ ವೇಗದಲ್ಲಿ ಅದೇ ದಾರಿಯಲ್ಲಿ ಹೋಗುತ್ತಿದ್ದಾರೆ ಎಂದು ಎಣಿಸಿ ಬಾಣವನ್ನು ಮುಂದೆ ತಳ್ಳುತ್ತಾ ಹೋಯಿತು. ಅರವತ್ತರಲ್ಲಿ ಒಂದು ಕಿ.ಮೀ.ಗೆ ಒಂದು ನಿಮಿಷ. ನಲವತ್ತರಲ್ಲಿ ಒಂದೂವರೆ ನಿಮಿಷ. ಆ ಅರ್ಧ ನಿಮಿಷದ ವ್ಯತ್ಯಾಸವೇ ಬಾಣ ಗಾಡಿಗಿಂತ ಮುಂಚೆ ಹೊರಗೆ ಹೋಗಿದ್ದಕ್ಕೆ ಕಾರಣ.

ಫೋನಿನಲ್ಲಿ ವೇಗ ಏರಿದ್ದು ಇಳಿದಿದ್ದು ತಿಳಿಯುವ ಸೆನ್ಸರ್ ಇಲ್ಲವೇ? ಇದೆ, ಆಕ್ಸೆಲೆರೋಮೀಟರ್. ಆದರೆ ಅದರಿಂದ ದೂರ ತೆಗೆಯುವುದು ಕಷ್ಟದ ಕೆಲಸ. ವೇಗದ ಏರಿಳಿತವನ್ನು ಕೂಡಿಸಿ ವೇಗ ತಿಳಿಯಬೇಕು, ಆ ವೇಗವನ್ನು ಮತ್ತೆ ಕೂಡಿಸಿ ದೂರ ತಿಳಿಯಬೇಕು. ಸಣ್ಣ ತಪ್ಪು ಎರಡು ಸಲ ಕೂಡುತ್ತದೆ. ಹೋಲ್ಡರಿನಲ್ಲಿ ಫೋನ್ ಕೂತಿರುವ ಓರೆಯ ಅಂದಾಜು ಅರ್ಧ ಡಿಗ್ರಿಗಿಂತ ಕಮ್ಮಿ ತಪ್ಪಿದರೂ ಭೂಮಿಯ ಸೆಳೆತದ ಒಂದು ಚೂರು ಮುಂದಿನ ವೇಗದಂತೆ ಕಾಣುತ್ತದೆ. ಹಾಗೆ ಪ್ರತಿ ಸೆಕೆಂಡಿಗೂ ವೇಗ ಬರೀ ಸೆಕೆಂಡಿಗೆ 5 ಸೆಂ.ಮೀ.ನಷ್ಟು ಸುಳ್ಳಾಗಿ ಏರುತ್ತಾ ಹೋದರೆ ಒಂದು ನಿಮಿಷಕ್ಕೆ 90 ಮೀಟರ್ ತಪ್ಪು. ಎರಡು ನಿಮಿಷಕ್ಕೆ 360 ಮೀಟರ್. ಸಮಯ ಎರಡರಷ್ಟಾದರೆ ತಪ್ಪು ನಾಲ್ಕರಷ್ಟು. ಜೊತೆಗೆ ಟಿಟಿಯ ಡ್ಯಾಶ್‌ಬೋರ್ಡಿನ ಅದುರಾಟ ಬೇರೆ. ಹಾಗಾಗಿ ಫೋನಿಗೆ ಹಳೇ ವೇಗವನ್ನೇ ಮುಂದುವರಿಸುವುದು ಬಹಳ ಸಲ ವಾಸಿ.

ಕಾರಿನ ಕಥೆ ಬೇರೆ. ಅದಕ್ಕೆ ಚಕ್ರದ ಲೆಕ್ಕ ಸಿಗುತ್ತದೆ. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದಲ್ಲೂ ಒಂದು ಸೆನ್ಸರ್ ಇರುತ್ತದೆ, ಚಕ್ರ ತಿರುಗಿದಂತೆ ಅದು ಮಿಡಿತ ಕೊಡುತ್ತದೆ. ಅದನ್ನೇ ನ್ಯಾವಿಗೇಶನ್ ಕೂಡ ಬಳಸಿಕೊಳ್ಳುತ್ತದೆ. ಚಕ್ರದ ಸುತ್ತಳತೆ 2 ಮೀಟರ್ ಅಂತಿಟ್ಟುಕೊಳ್ಳಿ, 500 ಸುತ್ತಿಗೆ ಒಂದು ಕಿ.ಮೀ. ಲಾರಿ ಹಿಂದೆ ನಿಧಾನ ಮಾಡಿದರೆ ಚಕ್ರವೂ ನಿಧಾನ, ಬಾಣವೂ ನಿಧಾನ. ದಿಕ್ಕು ತಿಳಿಯಲು ಜೈರೋಸ್ಕೋಪ್ ಇದೆ. ತಪ್ಪು ಇಲ್ಲೂ ಇರುತ್ತದೆ. ಟೈರ್ 3 ಮಿ.ಮೀ. ಸವೆದರೆ ಸುತ್ತಳತೆ ಸುಮಾರು ನೂರಕ್ಕೆ ಒಂದರಷ್ಟು ಕಮ್ಮಿ, ಅಂದರೆ ಒಂದು ಕಿ.ಮೀ.ಗೆ 10 ಮೀಟರ್ ವ್ಯತ್ಯಾಸ. ಜೈರೋ ಒಂದು ಡಿಗ್ರಿ ತಪ್ಪಿದರೆ ಒಂದು ಕಿ.ಮೀ. ಹೋಗುವಷ್ಟರಲ್ಲಿ 17 ಮೀಟರ್ ಪಕ್ಕಕ್ಕೆ. ಆದರೆ ಬಯಲಿನಲ್ಲಿ ಜಿಪಿಎಸ್ ಚೆನ್ನಾಗಿ ಸಿಗುವಾಗ ಕಾರು ಸುಮ್ನೆ ಕೂತಿರುವುದಿಲ್ಲ. ಚಕ್ರದ ಲೆಕ್ಕವನ್ನೂ ಜೈರೋವನ್ನೂ ಜಿಪಿಎಸ್ ಜೊತೆ ತಾಳೆ ನೋಡಿ ತಿದ್ದಿಕೊಳ್ಳುತ್ತಾ ಇರುತ್ತದೆ. ಸುರಂಗಕ್ಕೆ ಹೋಗುವಾಗ ಅದು ತಯಾರಾಗಿಯೇ ಹೋಗುತ್ತದೆ.

ಉಳಿದ ತಪ್ಪನ್ನು ಮ್ಯಾಪ್ ನುಂಗಿಕೊಳ್ಳುತ್ತದೆ. ಗಾಡಿ ರಸ್ತೆಯ ಮೇಲೇ ಇರಬೇಕು ಎಂಬ ಧೈರ್ಯದಲ್ಲಿ ಬಾಣವನ್ನು ಹತ್ತಿರದ ರಸ್ತೆಗೆ ಅಂಟಿಸಿಬಿಡುತ್ತದೆ. ಇದರ ಕಾಟವನ್ನು ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲರೂ ನೋಡಿದ್ದೇವೆ. ನಾವು ಸರ್ವೀಸ್ ರಸ್ತೆಯಲ್ಲಿದ್ದರೂ ಬಾಣ ಮೇನ್ ರಸ್ತೆಯಲ್ಲಿ ಓಡುತ್ತಿರುತ್ತದೆ, ಆಮೇಲೆ ಇಲ್ಲದ ಕಡೆ ಎಡಕ್ಕೆ ತಿರುಗು ಅನ್ನುತ್ತದೆ. ಕುತಿರಾನ್‌ನಲ್ಲಿ ಅದೇ ಅಂಟಿಸುವ ಗುಣ ಉಪಕಾರ ಮಾಡಿತು. ಒಳಗೆ ಕವಲು ಇಲ್ಲ, ಒಂದೇ ದಾರಿ.

ಈ ಚಕ್ರ ಎಣಿಸುವ ವಿದ್ಯೆ ಕಾರಿಗೆ ಹೊಸದಲ್ಲ, ಜಿಪಿಎಸ್‌ಗಿಂತ ಮುಂಚಿನದು. 1981ರಲ್ಲಿ ಜಪಾನಿನ ಹೋಂಡಾ ಅನಿಲದ ಜೈರೋಸ್ಕೋಪ್ ಇಟ್ಟು ಕಾರಿನ ನ್ಯಾವಿಗೇಶನ್ ಮಾರಿತ್ತು. ಪಾರದರ್ಶಕ ಹಾಳೆಯ ಮೇಲೆ ಮ್ಯಾಪ್. 1985ರಲ್ಲಿ ಕ್ಯಾಲಿಫೋರ್ನಿಯಾದ ಈಟ್ಯಾಕ್ ಎಂಬ ಕಂಪನಿ ಚಕ್ರದ ಸೆನ್ಸರ್, ದಿಕ್ಸೂಚಿ ಮತ್ತು ಕ್ಯಾಸೆಟ್ಟಿನಲ್ಲಿ ತುಂಬಿದ ಮ್ಯಾಪ್ ಬಳಸಿ ಇನ್ನೊಂದು ತಂತು. ಬಾಣವನ್ನು ರಸ್ತೆಗೆ ಅಂಟಿಸುವ ಉಪಾಯ ಅದರಲ್ಲೇ ಇತ್ತು. ಆಗ ಉಪಗ್ರಹದ ಮಾತೇ ಇಲ್ಲ. ಸಾಮಾನ್ಯ ಜನರ ಜಿಪಿಎಸ್‌ಗೆ ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ. ಅಂಥ ಹಳೇ ಕಾರುಗಳಿಗೆ ಸುರಂಗ ಒಂದು ತೊಂದರೆಯೇ ಆಗಿರಲಿಲ್ಲ ಅನ್ನುವುದು ತಮಾಷೆಯಾಗಿದೆ.

ಫೋನನ್ನು ಕಾರಿನ ಸ್ಕ್ರೀನಿಗೆ ಜೋಡಿಸಿದರೆ ಕೆಲವು ಕಾರುಗಳು ಚಕ್ರದ ವೇಗವನ್ನು ಫೋನಿಗೂ ಕೊಡುತ್ತವೆ. ಟಿಟಿಯಲ್ಲಿ ಅದೆಲ್ಲ ಇರಲಿಲ್ಲ.

ಮೂರನೆಯದು ಟ್ರ್ಯಾಕರ್. 2019ರ ಜನವರಿ 1ರಿಂದ ನೋಂದಣಿಯಾಗುವ ಪ್ರಯಾಣಿಕರ ಬಾಡಿಗೆ ಗಾಡಿಗಳಿಗೆ ಇದು ಕಡ್ಡಾಯ, ತುರ್ತು ಗುಂಡಿಯ ಜೊತೆಗೆ. ಆಟೋಗಳಿಗೆ ವಿನಾಯಿತಿ ಇದೆ. ಇದು ದಾರಿ ತೋರಿಸುವ ಯಂತ್ರ ಅಲ್ಲ. ಈ ಗಾಡಿಯದು ಚಕ್ರ ಎಣಿಸುತ್ತಿರಲಿಲ್ಲ, ಮ್ಯಾಪ್ ಕೂಡ ಇರಲಿಲ್ಲ, ಮುಂದೇನಾಗಬಹುದು ಎಂದು ಎಣಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಹತ್ತು ಸೆಕೆಂಡಿಗೊಮ್ಮೆ ಒಂದು ಸಾಲು ಬರೆದು ಸರ್ವರಿಗೆ ಕಳಿಸುವುದಷ್ಟೇ ಅದರ ಕೆಲಸ. ನನಗೆ ಬೇಕಾಗಿದ್ದು ಆ ಸಾಲುಗಳು.

ಸಾಲುಗಳು ಹೇಳಿದ್ದು

ಟ್ರ್ಯಾಕರ್ ಸಾಫ್ಟ್‌ವೇರಿನವರ ಕಚ್ಚಾ ದಾಖಲೆ ತರಿಸಿಕೊಳ್ಳಲು ಮಾಲೀಕರೇ ಮೇಲ್ ಹಾಕಬೇಕಾಯಿತು. ಬಂದ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಸಾಲಿಗೂ ಸಮಯ, ಜಾಗ, ವೇಗ, ಇಗ್ನಿಶನ್ ಆನ್ ಇದೆಯಾ ಇಲ್ಲವಾ, ಇದರ ಜೊತೆ ಇನ್ನೊಂದು ಕಾಲಂ: ಫಿಕ್ಸ್. ಜಿಪಿಎಸ್ ಜಾಗ ಸರಿಯಾಗಿ ಸಿಕ್ಕಿದ್ದರೆ 1, ಸಿಗದಿದ್ದರೆ 0. ಇಡೀ ಪ್ರಕರಣ ಈ ಒಂದು ಕಾಲಂನಲ್ಲಿ ಇತ್ತು.

ಸುರಂಗಕ್ಕೆ ಮುಂಚಿನ ಸಾಲು: ಫಿಕ್ಸ್ 1, ವೇಗ ಐವತ್ತರ ಮೇಲೆ. ಆಮೇಲೆ ಸಾಲುಸಾಲಾಗಿ ಫಿಕ್ಸ್ 0. ಆ ಸಾಲುಗಳಲ್ಲೂ ಜಾಗದ ಕಾಲಂ ಖಾಲಿ ಇರಲಿಲ್ಲ. ಕೊನೆಗೆ ಸಿಕ್ಕಿದ್ದ ಜಾಗವನ್ನೇ, ಅಂದರೆ ಸುರಂಗದ ಬಾಯಿಯನ್ನೇ, ಟ್ರ್ಯಾಕರ್ ಮತ್ತೆ ಮತ್ತೆ ಬರೆದಿತ್ತು. ವೇಗ ಸೊನ್ನೆ. ಇಗ್ನಿಶನ್ ಆನ್. ಒಂದೂವರೆ ನಿಮಿಷದ ಹತ್ತಿರ ಹೀಗೇ. ಆಮೇಲೆ ಸುರಂಗದ ಆಚೆ ಬಾಯಿ, ಫಿಕ್ಸ್ 1, ವೇಗ ನಲವತ್ತರ ಆಸುಪಾಸು. ಮರಳಿ ಬರುವಾಗಲೂ ಇದೇ ಕಥೆ.

ಟ್ರ್ಯಾಕರ್ ಸುಳ್ಳು ಹೇಳಿರಲಿಲ್ಲ. ‘ನನಗೆ ಈಗ ಜಾಗ ಗೊತ್ತಿಲ್ಲ, ಇದು ಹಳೇದು’ ಎಂದು ಪ್ರತಿ ಸಾಲಿನಲ್ಲೂ 0 ಹಾಕಿ ಹೇಳಿತ್ತು. ರಿಪೋರ್ಟ್ ಮಾಡುವ ಸಾಫ್ಟ್‌ವೇರ್ ಆ ಕಾಲಂ ಓದಲೇ ಇಲ್ಲ. ಅದಕ್ಕೆ ಕಂಡಿದ್ದು ಇಷ್ಟು: ಗಾಡಿ ಸುರಂಗದ ಬಾಯಿಯಲ್ಲಿ ಎಂಜಿನ್ ಆಫ್ ಮಾಡದೆ ಒಂದೂವರೆ ನಿಮಿಷ ನಿಂತಿದೆ. ಆಮೇಲೆ ಒಂದು ಸಾಲಿಂದ ಮುಂದಿನ ಸಾಲಿಗೆ, ಹತ್ತೇ ಸೆಕೆಂಡಿನಲ್ಲಿ, ಸುಮಾರು ಒಂದು ಕಿ.ಮೀ. ಹಾರಿದೆ. ಸೆಕೆಂಡಿಗೆ 100 ಮೀಟರ್. ಗಂಟೆಗೆ 360 ಕಿ.ಮೀ.

ವಿವರದ ಪುಟದಲ್ಲಿ ಹೆಚ್ಚುಕಡಿಮೆ ಅದೇ ಅಂಕಿ ಇತ್ತು. ಯಾರೂ ಆ ಪುಟ ತೆರೆದಿರಲಿಲ್ಲ. ಸಾರಾಂಶದಲ್ಲಿ ‘ಓವರ್‌ಸ್ಪೀಡ್: 2’ ಎಂದು ಬಂದಿತ್ತು, ಅದನ್ನು ನೋಡಿ ಸಂಬಳದ ಹಾಳೆಯಲ್ಲಿ ಕಟ್ ಮಾಡಿದ್ದರು. ಮಾಲೀಕರಿಗೆ ಫೋನಿನಲ್ಲಿ ಅಂಕಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನನ್ನ ಟಿಟಿ ಮುನ್ನೂರರವತ್ತು ಓಡುತ್ತಾ? ಹಂಗಾದ್ರೆ ರೇಟ್ ಜಾಸ್ತಿ ಮಾಡ್ಬೇಕು’ ಅಂದರು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಜಿಪಿಎಸ್ ರಿಸೀವರ್ ವೇಗವನ್ನು ಎರಡು ಜಾಗದ ನಡುವಿನ ದೂರದಿಂದ ಲೆಕ್ಕ ಹಾಕಬೇಕಾಗಿಲ್ಲ. ಗಾಡಿ ಚಲಿಸುವಾಗ ಉಪಗ್ರಹದ ಸಿಗ್ನಲ್‌ನ ಕಂಪನದ ಸಂಖ್ಯೆ ಚೂರು ಬದಲಾಗುತ್ತದೆ. ದೂರ ಹೋಗುವ ರೈಲಿನ ಹಾರ್ನ್ ದನಿ ಇಳಿಯಲು ಕಾರಣವಾದ ಡಾಪ್ಲರ್ ಪರಿಣಾಮವೇ ಇದು. ಅದರಿಂದ ವೇಗ ನೇರವಾಗಿ, ಬಹಳ ನಿಖರವಾಗಿ ಸಿಗುತ್ತದೆ. ಟ್ರ್ಯಾಕರಿನ ವೇಗದ ಕಾಲಂನಲ್ಲಿ ಇದ್ದಿದ್ದು ಆ ಅಂಕಿ. ಅದು ಎಲ್ಲೂ 80 ದಾಟಿರಲಿಲ್ಲ. ಹಾಗಾಗಿಯೇ ಟ್ರ್ಯಾಕರ್ ತಾನಾಗಿ ಒಂದೂ ಓವರ್‌ಸ್ಪೀಡ್ ಎಚ್ಚರಿಕೆ ಕಳಿಸಿರಲಿಲ್ಲ. ಕೈಯಲ್ಲಿ ಇದ್ದ ಒಳ್ಳೇ ಅಂಕಿ ಬಿಟ್ಟು ಸಾಫ್ಟ್‌ವೇರ್ ತನ್ನದೇ ಕೆಟ್ಟ ಅಂಕಿ ತಯಾರಿಸಿತ್ತು.

ಸ್ಟೀಲ್ ಡಬ್ಬಿ

ಸಾಫ್ಟ್‌ವೇರಿನವರು ಸುಲಭಕ್ಕೆ ಒಪ್ಪಲಿಲ್ಲ. ‘ಸಾರ್, ನಮ್ಮ ಕಡೆ ಎಲ್ಲಾ ಸರಿ ಇದೆ. ನಿಮ್ಮ ಡಿವೈಸ್ ಹಂಗೆ ಕಳಿಸ್ತಿದೆ’ ಎಂಬ ಉತ್ತರ ಬಂತು. ಕುತಿರಾನ್‌ಗೆ ಹೋಗಿ ತೋರಿಸಲು ಯಾರಿಗೂ ಪುರುಸೊತ್ತಿಲ್ಲ. ಸುರಂಗವನ್ನೇ ಮೈಸೂರಿಗೆ ತರಬೇಕಾಯಿತು.

ಟಿಟಿಯ ಟ್ರ್ಯಾಕರ್ ಮುಟ್ಟುವ ಹಾಗಿಲ್ಲ, ಅದು ನಿಯಮಕ್ಕೆ ವಿರುದ್ಧ. ನನ್ನ ಹತ್ತಿರ ಅದೇ ಮಾಡೆಲ್‌ನ ಒಂದು ಹೆಚ್ಚುವರಿ ಸಾಧನ ಇತ್ತು, ಹೊರಗಿಡುವ ಆಂಟೆನಾದ್ದು. ಪರೀಕ್ಷೆಯ ಹೆಸರಿನಲ್ಲಿ ಅದನ್ನು ಅವರ ಸರ್ವರಿಗೇ ಜೋಡಿಸಿಕೊಂಡು ನನ್ನ ಕಾರಿನಲ್ಲಿ ರಿಂಗ್ ರೋಡಿಗೆ ಹೋದೆವು. ಡ್ರೈವರ್ ಗಾಡಿ ಓಡಿಸಿದ. ಬಯಲಿನಲ್ಲಿ ಹೋಗುತ್ತಿರುವಾಗ ಆಂಟೆನಾಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿ, ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚುವುದು. ಒಂದೂವರೆ ನಿಮಿಷ ಬಿಟ್ಟು ತೆಗೆಯುವುದು. ಇಷ್ಟೇ. ಸಿಗ್ನಲ್ ಅಷ್ಟು ಸಣ್ಣದಾಗಿರುವುದರಿಂದ ಡಬ್ಬಿ ಸಾಕು, ಗುಡ್ಡ ಬೇಡ.

ಡಬ್ಬಿ ಮುಚ್ಚಿದೊಡನೆ ಫಿಕ್ಸ್ 0 ಬರಲಿಲ್ಲ. ಕೆಲವು ರಿಸೀವರ್‌ಗಳು ಸಿಗ್ನಲ್ ಹೋದ ಮೇಲೂ ಒಂದೆರಡು ಸೆಕೆಂಡ್ ಹಳೇ ವೇಗದಲ್ಲೇ ಜಾಗವನ್ನು ಎಳೆಯುತ್ತವೆ. ಆಮೇಲೆ 0, 0, 0. ತೆಗೆದ ಮೇಲೆ ಬೇಗ ಸರಿಹೋಯಿತು. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿ ಆಗಲೇ ಒಳಗಿತ್ತು, ಸಮಯವೂ ತಪ್ಪಿರಲಿಲ್ಲ, ಹಾಗಾಗಿ ಹೊಸದಾಗಿ ಹುಡುಕಬೇಕಾಗಲಿಲ್ಲ. ಬೆಳಿಗ್ಗೆ ಗಾಡಿ ಆನ್ ಮಾಡಿದಾಗ ಹಿಡಿಯುವಷ್ಟು ಹೊತ್ತು ಸುರಂಗದಿಂದ ಬಂದ ಮೇಲೆ ಹಿಡಿಯುವುದಿಲ್ಲ. ರಿಪೋರ್ಟಿನಲ್ಲಿ ನಾವು ಅಂದುಕೊಂಡಂತೆಯೇ ಬಂತು: ರಿಂಗ್ ರೋಡಿನ ಮಧ್ಯೆ ನಿಲುಗಡೆ, ಅದರ ಹಿಂದೆಯೇ ಓವರ್‌ಸ್ಪೀಡ್. ಸ್ಪೀಡೋಮೀಟರಿನ ವೀಡಿಯೊ ತೆಗೆದಿದ್ದೆವು, ಅದರಲ್ಲಿ ನಲವತ್ತು.

ವೀಡಿಯೊ ಮತ್ತು ಸಾಲುಗಳು ಹೋದ ಮೇಲೆ ಸಾಫ್ಟ್‌ವೇರಿನವರ ದನಿ ಬದಲಾಯಿತು. ಅವರು ಕೊಟ್ಟ ಮೊದಲ ಪರಿಹಾರ: ‘ಗಂಟೆಗೆ 150ಕ್ಕಿಂತ ಜಾಸ್ತಿ ಬಂದರೆ ಆ ಅಂಕಿ ಬಿಟ್ಟುಬಿಡ್ತೀವಿ.’ ಮಾಲೀಕರಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ, ನಾನು ಜಗಳ ತೆಗೆದಿದ್ದೇ ಇಲ್ಲಿ.

ಸುರಂಗ ಒಂದು ಕಿ.ಮೀ. ಇದ್ದರೆ 360 ಬರುತ್ತದೆ, ನೋಡಿ ನಗುತ್ತೇವೆ. ಮನಾಲಿಯ ಅಟಲ್ ಸುರಂಗ 9.02 ಕಿ.ಮೀ. ಅಲ್ಲಿ ಇದೇ ಲೆಕ್ಕ ಹಾಕಿದರೆ ಗಂಟೆಗೆ 3,000 ಕಿ.ಮೀ. ದಾಟುತ್ತದೆ, ಇನ್ನೂ ಜೋರಾಗಿ ನಗುತ್ತೇವೆ. ಆದರೆ 300 ಮೀಟರಿನ ಸುರಂಗ? ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಅಷ್ಟು ಉದ್ದದವು ಇವೆ. ಟ್ರಾಫಿಕ್ಕಿನಲ್ಲಿ ಗಂಟೆಗೆ ಮೂವತ್ತರಲ್ಲಿ ಹೋದರೆ ಮೂರು ಸಾಲು 0 ಬರುತ್ತದೆ, ಆಮೇಲೆ ಹತ್ತು ಸೆಕೆಂಡಿನಲ್ಲಿ 300 ಮೀಟರ್ ಹಾರುತ್ತದೆ. ಗಂಟೆಗೆ 108 ಕಿ.ಮೀ. ಇದು 150ರ ಜರಡಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನೋಡಿದರೆ ನಂಬುವ ಹಾಗಿದೆ. ‘ಗವರ್ನರ್ ವೈರ್ ಕಿತ್ತಿದ್ದಾನೆ’ ಎಂದು ಮಾಲೀಕರೇ ಹೇಳುತ್ತಾರೆ. ಅಲ್ಲಿ ಡ್ರೈವರ್‌ನ ಪರ ಮಾತಾಡಲು ಯಾರಿಗೂ ಏನೂ ಸಿಗುವುದಿಲ್ಲ, ಆ ಒಂದು 0 ಬಿಟ್ಟು. ಅಸಾಧ್ಯವಾದ ಅಂಕಿ ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಸಾಧ್ಯ ಅನಿಸುವ ಅಂಕಿ.

ಇದನ್ನು ಬರೆದು ಕಳಿಸಿದ ಮೇಲೆ ಫಿಕ್ಸ್ 0 ಇರುವ ಸಾಲುಗಳನ್ನು ವೇಗದ ಲೆಕ್ಕದಿಂದ ತೆಗೆದರು. ಓವರ್‌ಸ್ಪೀಡ್‌ಗೆ ಈಗ ಟ್ರ್ಯಾಕರಿನದೇ ವೇಗ ನೋಡುತ್ತಾರೆ. ರಿಂಗ್ ರೋಡಿನಲ್ಲಿ ಡಬ್ಬಿ ಇಟ್ಟು ಮತ್ತೆ ನೋಡಿದಾಗ ಓವರ್‌ಸ್ಪೀಡ್ ಬರಲಿಲ್ಲ. ಡ್ರೈವರ್‌ಗೆ ಕಟ್ ಆದ ದುಡ್ಡು ಮುಂದಿನ ಸಂಬಳದಲ್ಲಿ ಸೇರಿ ಬಂತು.

ನಿಲುಗಡೆಯ ಲೆಕ್ಕ ಮಾತ್ರ ಪೂರ್ತಿ ಸರಿಹೋಗಿಲ್ಲ. ಫಿಕ್ಸ್ ಇಲ್ಲದಾಗ ಗಾಡಿ ನಿಜವಾಗಿಯೂ ಸುರಂಗದೊಳಗೆ ಕೆಟ್ಟು ನಿಂತಿರಬಹುದು, ಚಕ್ರದ ಲೆಕ್ಕ ಇಲ್ಲದೆ ಟ್ರ್ಯಾಕರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಸದ್ಯಕ್ಕೆ ಅಂಥ ಸಾಲಿನ ಮುಂದೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ, ದುಡ್ಡು ಕಟ್ ಆಗುವುದಿಲ್ಲ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾಪ ಇದೆಯಲ್ಲ, ನಡುನಡುವೆ ಇಳಿದು ಹತ್ತುವ ದಾರಿಗಳ ಸಮೇತ. ಅದೇನಾದರೂ ಆದರೆ ಯಾವ ಕವಲಿನಲ್ಲಿ ಹೊರಗೆ ಬರಬೇಕು ಎಂದು ಫೋನ್ ಎಣಿಕೆಯ ಮೇಲೆ ಹೇಳಬೇಕಾಗುತ್ತದೆ, ಟ್ರ್ಯಾಕರ್ ಅಷ್ಟು ಹೊತ್ತೂ 0 ಬರೆಯುತ್ತಿರುತ್ತದೆ. ಮಾಲೀಕರು ಹೊಸ ಗಾಡಿಗೆ ಟ್ರ್ಯಾಕರ್ ಕೊಳ್ಳುವಾಗ ಈಗ ಒಂದು ಪ್ರಶ್ನೆ ಜಾಸ್ತಿ ಕೇಳುತ್ತಾರೆ: ಗಾಡಿಯ ಸ್ಪೀಡೋಮೀಟರ್ ವೈರ್ ಇದಕ್ಕೆ ಜೋಡಿಸಬಹುದಾ? ಕೆಲವು ಮಾಡೆಲ್‌ಗಳಿಗೆ ಜೋಡಿಸಬಹುದು. ರೇಟ್ ಸ್ವಲ್ಪ ಜಾಸ್ತಿ.